ಅಂಚೆ ಡಬ್ಬಿಯ ಕಂಬ: ಮೂರನೇ ಸಲಕ್ಕೆ ಕಲ್ಲುಕೂಚ

ಗೇಟಿನ ಪಕ್ಕ ಒಂದು ಕಂಬ ನೆಟ್ಟು ಅದಕ್ಕೊಂದು ಅಂಚೆ ಡಬ್ಬಿ ಸಿಕ್ಕಿಸೋದರಲ್ಲಿ ಬರೆಯುವಂಥದ್ದು ಏನಿದೆ ಅಂತ ಕೆಲವರಿಗೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಏಳು ವರ್ಷದಲ್ಲಿ ಮೂರು ಸಲ ಕಂಬ ನೆಟ್ಟವನು ನಾನು. ಮೊದಲನೆಯದನ್ನು ಗೆದ್ದಲು ತಿಂತು, ಎರಡನೆಯದನ್ನು ತುಕ್ಕು ತಿಂತು. ಮೂರನೆಯದು 2019ರಿಂದ ನೆಟ್ಟಗೆ ನಿಂತಿದೆ. ಹಾಗಾಗಿ ನನ್ನ ದಡ್ಡತನವನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟ. ಮೂರೂವರೆ ಎಕರೆ ಖುಷ್ಕಿ. ರಾಗಿ ಹಾಕಿ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಬಿಡುತ್ತೇವೆ. ಎರಡು ಸೀಮೆಹಸು ಇವೆ. ಮನೆ ಊರೊಳಗಿಲ್ಲ, ಹೊಲದಲ್ಲೇ ಕಟ್ಟಿಕೊಂಡಿದ್ದೇವೆ. ಊರಿನಿಂದ ಅರ್ಧ ಮೈಲಿ ದೂರ. ಗೇಟಿನಿಂದ ಮನೆ ಬಾಗಿಲಿಗೆ ಇನ್ನೂ ನೂರು ಹೆಜ್ಜೆ. ಹಗಲು ಹೊತ್ತು ನಾವು ಹೊಲದಲ್ಲಿರುತ್ತೇವೆ, ಮನೆಗೆ ಬೀಗ, ಗೇಟಿನ ಒಳಗೆ ನಾಯಿ. ಅಂಚೆಯಣ್ಣ ಪಾಪ ಸೈಕಲ್ಲಿನಲ್ಲಿ ಬಂದು ಕೂಗಿ ಕೂಗಿ ವಾಪಸ್ಸು ಹೋಗುತ್ತಿದ್ದರು. ಇಲ್ಲಾಂದ್ರೆ ಊರಿನ ಅಂಗಡಿಯಲ್ಲಿ ಕೊಟ್ಟು ಹೋಗೋರು. ಅಂಗಡಿಯವರಿಗೆ ನೆನಪಾದಾಗ ನಮ್ಮ ಕಾಗದ ನಮಗೆ. ಅದಕ್ಕೇ 2012ರಲ್ಲಿ ಒಂದು ತಗಡಿನ ಡಬ್ಬಿ ಮಾಡಿಸಿ ಗೇಟಿನ ಪಕ್ಕ ಹಾಕಿದೆ.

ಕಂಬಕ್ಕೆ ದುಡ್ಡು ಯಾಕೆ ಅಂತ ಬದುವಿನ ನೀಲಗಿರಿ ಕಡಿದು ನೆಟ್ಟೆ. ಕೈಗಾತ್ರದ ಗಳು. ಒಂದೂವರೆ ಅಡಿ ಗುಂಡಿ, ಮೇಲೆ ಮಣ್ಣು ಎಳೆದು ಕಾಲಲ್ಲಿ ತುಳಿದೆ. ಆಯ್ತು ಅಂದುಕೊಂಡೆ.

2014ರ ಜೂನ್‌ನಲ್ಲಿ ಒಂದು ಸಾಯಂಕಾಲ ಗಾಳಿ ಮಳೆ ಹೊಡೆಯಿತು. ಮರುದಿನ ಬಿತ್ತನೆ ಅವಸರ. ಕಂಬ ಬಿದ್ದಿರುವುದನ್ನು ನೋಡಿದೆ, ಆಮೇಲೆ ನೆಟ್ಟರಾಯಿತು ಅಂತ ಬೇಲಿಗೆ ಒರಗಿಸಿ ಹೋದೆ. ಆ ಡಬ್ಬಿಯ ಬಾಯಿ ತೆರೆದುಕೊಂಡು ಒಳಗಿದ್ದ ಕಾಗದ ಆಚೆ ಬಿದ್ದಿದೆ ಅಂತ ನನಗೆ ಗೊತ್ತಾಗಲಿಲ್ಲ. ಐದು ದಿನ ಆದ ಮೇಲೆ ಬೇಲಿಯ ಬುಡದಲ್ಲಿ ನಮ್ಮ ಮನೆಯಾಕೆಗೆ ಒಂದು ಲಕೋಟೆ ಸಿಕ್ಕಿತು. ನೆನೆದು ಒಣಗಿ ಹಪ್ಪಳದ ಹಾಗೆ ಆಗಿತ್ತು. ದೊಡ್ಡ ಮಗಳಿಗೆ ಒಂದು ಕೆಲಸದ ಸಂದರ್ಶನಕ್ಕೆ ಬಂದಿದ್ದ ಕರೆ. ಸಂದರ್ಶನ ಹಿಂದಿನ ದಿನವೇ ಮುಗಿದಿತ್ತು. ಮಗಳು ಏನೂ ಅನ್ನಲಿಲ್ಲ. ಎರಡು ದಿನ ಊಟಕ್ಕೆ ನನ್ನ ಜೊತೆ ಕೂರಲಿಲ್ಲ, ಅಷ್ಟೇ. ಆಮೇಲೆ ಅವಳಿಗೆ ಬೇರೆ ಕಡೆ ಕೆಲಸ ಆಯಿತು, ಆದರೆ ಒಂದೂವರೆ ವರ್ಷ ಹೋಯಿತು. ಕಾಗದ ತಂದುಹಾಕಿದವರದ್ದು ಏನೂ ತಪ್ಪಿಲ್ಲ. ತಪ್ಪೆಲ್ಲಾ ಕಂಬದ್ದು, ಅಂದರೆ ನನ್ನದು.

ಕಿತ್ತು ನೋಡಿದರೆ ನೆಲದ ಮಟ್ಟದಲ್ಲಿ ಮರ ಪೂರಾ ಪೊಳ್ಳು. ಮೇಲಿನ ಮೂರೂವರೆ ಅಡಿ ಗಟ್ಟಿಯಾಗೇ ಇದೆ, ಮಣ್ಣೊಳಗೆ ಆಳದಲ್ಲಿದ್ದ ತುದಿಯೂ ಅಷ್ಟು ಕೆಟ್ಟಿಲ್ಲ. ನೆಲದಿಂದ ಮೇಲೆ ನಾಲ್ಕು ಬೆರಳು, ಕೆಳಗೆ ಒಂದು ಗೇಣು, ಅಷ್ಟು ಜಾಗ ಮಾತ್ರ ಹೋಗಿದೆ. ಇದಕ್ಕೆ ಕಾರಣವಿದೆ. ಮರ ಕೊಳೆಯಲು ತೇವವೂ ಬೇಕು, ಗಾಳಿಯೂ ಬೇಕು. ಮೇಲೆ ಗಾಳಿ ಇದ್ದರೂ ತೇವ ನಿಲ್ಲೋಲ್ಲ. ಆಳದಲ್ಲಿ ತೇವ ಇದ್ದರೂ ಗಾಳಿ ಕಡಿಮೆ. ನೆಲದ ಮಟ್ಟದಲ್ಲಿ ಎರಡೂ ಸೇರುತ್ತವೆ. ಗೆದ್ದಲು ಬರುವುದೂ ಅಲ್ಲಿಂದಲೇ. ಯಾವ ಕಂಬವಾಗಲಿ, ಬೇಲಿಯದಾಗಲಿ, ಚಪ್ಪರದ್ದಾಗಲಿ, ಮುರಿಯೋದು ಆ ಒಂದು ಗೇಣಿನಲ್ಲಿ. ಹಾಗಾಗಿ ಕಂಬ ಆರಿಸುವಾಗ ಆ ಗೇಣಿಗೆ ಏನು ಗತಿ ಅಂತ ಮೊದಲು ಕೇಳಿಕೊಳ್ಳಬೇಕು.

ಮರದಲ್ಲೇ ಆಗಬೇಕು ಅನ್ನುವವರು ಎಳೆ ಗಳು ಹಾಕಬೇಡಿ. ಎಳೆ ಮರದಲ್ಲಿ ಹೊರಗಿನ ಬಿಳಿ ಭಾಗವೇ ಹೆಚ್ಚು, ಗೆದ್ದಲಿಗೆ ಅದೇ ಊಟ. ಒಳಗಿನ ಚೇಗು ಬಲಿತಿರಬೇಕು. ತೇಗ, ಹೊನ್ನೆಯ ಚೇಗು ಬಾಳಿಕೆ ಬರುತ್ತದೆ, ಆದರೆ ಅಂಥ ಮರವನ್ನು ಕಂಬಕ್ಕೆ ಹಾಕುವ ಶಕ್ತಿ ನನಗಿಲ್ಲ. ನಮ್ಮ ಕಡೆ ಎಲ್ಲರ ಕೈಗೆ ಸಿಗೋದು ನೀಲಗಿರಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ರಾಗಿ ಹೊಲಗಳಿಗೆಲ್ಲ ಬಂತು. 2017ರಲ್ಲಿ ಹೊಸದಾಗಿ ನೆಡಬಾರದು ಅಂತ ಸರ್ಕಾರವೇ ಆದೇಶ ಮಾಡಿತು. ಹಳೇ ಬುಡಗಳು ಇನ್ನೂ ಚಿಗುರುತ್ತಾ ಇವೆ. ಕಂಬದ ಬುಡ ಸುಟ್ಟು ನೆಟ್ಟರೆ ಗೆದ್ದಲು ಮುಟ್ಟೋಲ್ಲ ಅಂತ ಹಿರಿಯರು ಹೇಳುತ್ತಾರೆ. ನಾನು ಸುಟ್ಟೇ ನೆಟ್ಟಿದ್ದೆ. ಸುಟ್ಟ ಪದರ ತೆಳ್ಳಗಿರುತ್ತೆ, ಮರ ಒಣಗಿ ಸೀಳಿದ ಕೂಡಲೇ ಆ ಸೀಳಿನಿಂದ ಗೆದ್ದಲು ಒಳಗೆ ಹೋಗುತ್ತೆ. ಹಳೇ ಇಂಜಿನ್ ಆಯಿಲ್ ಬಳಿಯುವವರೂ ಇದ್ದಾರೆ. ಬಾವಿ, ಬೋರು ಹತ್ತಿರ ಇದ್ದರೆ ದಯವಿಟ್ಟು ಬೇಡ. ಇನ್ನೊಂದು ವಿಚಾರ. ಮರದ ಕಂಬದ ಸುತ್ತ ಸಿಮೆಂಟ್ ಹಾಕಿದರೆ ಗಟ್ಟಿ ಅಂದುಕೊಳ್ಳುತ್ತಾರೆ. ಮರ ಒಣಗಿ ಕುಗ್ಗಿದಾಗ ಸಿಮೆಂಟಿಗೂ ಮರಕ್ಕೂ ನಡುವೆ ಸಂದಿ ಬಿಡುತ್ತೆ, ಮಳೆ ನೀರು ಲೋಟದಲ್ಲಿ ನಿಂತ ಹಾಗೆ ಅಲ್ಲಿ ನಿಲ್ಲುತ್ತೆ. ಮರಕ್ಕೆ ಜಲ್ಲಿ ಮತ್ತು ಮಣ್ಣು ಹಾಕಿ ದಿಮ್ಮಸು ಹೊಡೆಯುವುದೇ ವಾಸಿ.

ಎರಡನೇ ಸಲ ಕಬ್ಬಿಣದ ಪೈಪು ತಂದೆ. ಗುಜರಿಯಲ್ಲಿ ಒಂದೂವರೆ ಇಂಚಿನದು ಸಿಕ್ಕಿತು. ಸಿಮೆಂಟ್ ಹಾಕಿ ನಿಲ್ಲಿಸಿದೆ. ಐದು ವರ್ಷ ಬಂತು. ನಾನು ಮಾಡಿದ ತಪ್ಪು ಎರಡು. ಪೈಪಿನ ಮೇಲಿನ ಬಾಯಿ ಮುಚ್ಚಲಿಲ್ಲ, ಮಳೆ ನೀರು ಒಳಗೇ ಇಳಿದು ನಿಂತಿತು. ಸಿಮೆಂಟನ್ನು ನೆಲದ ಮಟ್ಟಕ್ಕೆ ಸಮ ಮಾಡಿದೆ, ಪೈಪಿನ ಸುತ್ತ ನೀರು, ಗಂಜಲ ನಿಲ್ಲುತ್ತಿತ್ತು. ಗಂಜಲಕ್ಕೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತೆ, ಕೊಟ್ಟಿಗೆಯ ಸರಪಳಿ ನೋಡಿದವರಿಗೆ ಗೊತ್ತು. 2019ರಲ್ಲಿ ನಮ್ಮ ಪಡ್ಡೆ ಕರು ಬಂದು ಮೈ ಉಜ್ಜಿತು. ಪೈಪು ಅದೇ ನೆಲದ ಮಟ್ಟದಲ್ಲಿ ಮಡಚಿಕೊಂಡಿತು. ಕರು ಏನೂ ಆಗದ ಹಾಗೆ ನಡೆದು ಹೋಯಿತು.

ಈ ಮೈ ಉಜ್ಜೋದನ್ನು ಹಗುರವಾಗಿ ತಗೋಬೇಡಿ. ಗಾಳಿಗಿಂತ ಹೆಚ್ಚಿನ ಪೆಟ್ಟು ಅದರಿಂದ. ಹೊಲದ ಬಯಲಲ್ಲಿ ಒಂಟಿ ಕಂಬ ಕಂಡರೆ ದನಕ್ಕೆ ಖುಷಿ. ನಾಲ್ಕಡಿ ಎತ್ತರದಲ್ಲಿ ತಳ್ಳಿದರೆ ಹಾರೆ ಹಾಕಿ ಸನ್ನೆ ಮಾಡಿದ ಹಾಗೆ. ಮೇಲೆ ಉದ್ದ ಜಾಸ್ತಿ, ಕೆಳಗೆ ಹೂತದ್ದು ಕಡಿಮೆ ಆದಷ್ಟೂ ಬುಡದ ಮಣ್ಣಿನ ಮೇಲೆ ಒತ್ತಡ ಹೆಚ್ಚು. ಆದ್ದರಿಂದ ಒಟ್ಟು ಉದ್ದದ ಮೂರರಲ್ಲಿ ಒಂದು ಪಾಲು ನೆಲದೊಳಗೆ ಇರಲೇಬೇಕು. ಆರಡಿ ಕಂಬಕ್ಕೆ ಎರಡಡಿ. ನನ್ನ ನೀಲಗಿರಿ ಗಳು ಅದಕ್ಕಿಂತ ಕಡಿಮೆ ಇತ್ತು.

ಕಲ್ಲು ನೋಡಿ ತಂದದ್ದು

ಮೂರನೇ ಸಲ ಕಲ್ಲುಕೂಚವೇ ಅಂತ ನಿರ್ಧಾರ ಮಾಡಿದೆ. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯವರಿಗೆ ಕಲ್ಲುಕೂಚ ಹೊಸದಲ್ಲ. ದ್ರಾಕ್ಷಿ ಚಪ್ಪರಕ್ಕೆಲ್ಲ ಇದೇ ಕಂಬ. ಕೊಯಿರಾದ ಕಲ್ಲು, ಅಲ್ಲಿನ ಕಲ್ಲುಕೆಲಸದವರು ಎಲ್ಲರಿಗೂ ಗೊತ್ತು. ಈಗ ಕೆಲವರು ದ್ರಾಕ್ಷಿ ತೋಟ ಕಿತ್ತಿದ್ದಾರೆ, ಕೆಲವು ಹೊಲ ಲೇಔಟ್ ಆಗಿವೆ. ಅಂಥ ಕಡೆ ಹಳೇ ಕೂಚಗಳು ಬದುವಿನ ಮೇಲೆ ರಾಶಿ ಬಿದ್ದಿರುತ್ತವೆ. ಹೊಸದಕ್ಕಿಂತ ಅರ್ಧ ದುಡ್ಡಿಗೆ ಕೊಡುತ್ತಾರೆ. ನಾನು ಒಂದಕ್ಕೆ 150 ರೂಪಾಯಿ ಕೊಟ್ಟೆ, ಅದು 2019ರ ಮಾತು. ಕಲ್ಲಿಗೆ ವಯಸ್ಸಾಗುವುದಿಲ್ಲ, ಹಳೇದು ಅಂತ ಬಿಡಬೇಕಾಗಿಲ್ಲ. ಬಿರುಕು ಮಾತ್ರ ನೋಡಿ ತರಬೇಕು.

ನನ್ನ ಜೊತೆ ಬಂದಿದ್ದ ಕಲ್ಲುಕೆಲಸದ ಹಿರಿಯರು ಒಂದು ಉಪಾಯ ತೋರಿಸಿದರು. ಕೂಚವನ್ನು ಎರಡು ಸಣ್ಣ ಕಲ್ಲಿನ ಮೇಲೆ ಅಡ್ಡ ಮಲಗಿಸಿ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರು. ಒಂದು ಗಣ್ ಅಂತು. ಇನ್ನೊಂದು ಒಡೆದ ಮಡಿಕೆ ತಟ್ಟಿದ ಹಾಗೆ ಸದ್ದು ಮಾಡಿತು. "ಇದು ಬೇಡ ಗೌಡ್ರೆ, ಒಳಗೆ ಬಿಟ್ಟಿದೆ" ಅಂದರು. ನನಗೆ ಬಿರುಕೇ ಕಾಣಲಿಲ್ಲ. ಆಗ ಒಂದು ಚೊಂಬು ನೀರು ತರಿಸಿ ಸುರಿದರು. ಬಿಸಿಲಿಗೆ ಮೇಲ್ಮೈಯೆಲ್ಲ ಒಣಗಿತು, ನಡುಮಧ್ಯೆ ಕೂದಲಿನಷ್ಟು ಒಂದು ಗೆರೆ ಮಾತ್ರ ಕಪ್ಪಗೆ ತೇವವಾಗಿ ಉಳಿಯಿತು. ಬಿರುಕು ನೀರು ಹಿಡಿದಿಟ್ಟುಕೊಂಡಿತ್ತು. ಈ ಎರಡು ಪರೀಕ್ಷೆ ಮಾಡದೆ ಕಲ್ಲು ತರಬೇಡಿ. ಕಲ್ಲು ಮೇಲಿಂದ ಎಷ್ಟು ಭಾರ ಬೇಕಾದರೂ ಹೊರುತ್ತೆ, ಅಡ್ಡ ಪೆಟ್ಟಿಗೆ ಮಾತ್ರ ಬಿರುಕಿದ್ದ ಕಡೆ ತುಂಡಾಗುತ್ತೆ. ಟ್ರ್ಯಾಕ್ಟರಿನಿಂದ ದಬಕ್ಕನೆ ಕೆಳಗೆ ಹಾಕಿದರೂ ಅಷ್ಟೇ. ಹುಲ್ಲಿನ ಕಂತೆ ಹಾಸಿ ಇಳಿಸಬೇಕು.

ನಾನು ಆರಿಸಿದ್ದು ಆರಡಿ ಉದ್ದ, ಆರು ಇಂಚು ಅಗಲ, ಐದು ಇಂಚು ದಪ್ಪ. ಒಂದು ಘನ ಅಡಿ ಇಂಥ ಕಲ್ಲು ಸುಮಾರು 75 ಕೆ.ಜಿ. ತೂಗುತ್ತೆ. ಆ ಲೆಕ್ಕದಲ್ಲಿ ಇದು 90 ಕೆ.ಜಿ. ಮೇಲೆ. ಇಬ್ಬರು ಬೇಕೇ ಬೇಕು. ಒಬ್ಬನೇ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡರೆ ಕಂಬಕ್ಕಿಂತ ಅದರ ಖರ್ಚು ಜಾಸ್ತಿ.

ಜಾಗ, ಗುಂಡಿ, ದಿಮ್ಮಸು

ಜಾಗ ಗೊತ್ತು ಮಾಡುವಾಗ ಅಂಚೆಯಣ್ಣನನ್ನೇ ಕರೆದು ಕೇಳಿದೆ. "ಸೈಕಲ್ ಇಳೀದೆ ಕೈಗೆ ಸಿಗೋ ಹಾಗೆ ಮಾಡಣ್ಣ, ನಾಯಿ ಕೈಗೆ ಸಿಗದ ಹಾಗೆ ಇರ್ಲಿ" ಅಂದರು. ಸರಿಯಾದ ಮಾತು. ಡಬ್ಬಿಯ ಬಾಯಿ ನೆಲದಿಂದ ಮೂರೂಮುಕ್ಕಾಲು ಅಡಿ ಎತ್ತರಕ್ಕೆ ಬರಬೇಕು ಅಂತ ಅವರು ಸೈಕಲ್ ಮೇಲೆ ಕೂತಿದ್ದಾಗಲೇ ಅಳೆದುಕೊಂಡೆ. ಕಂಬ ನಮ್ಮ ಹದ್ದಿನೊಳಗೇ ಇರಬೇಕು, ರಸ್ತೆ ಅಂಚಿಗೆ ನೆಟ್ಟರೆ ನಾಳೆ ರಸ್ತೆ ಅಗಲ ಮಾಡುವಾಗ ಮೊದಲು ಹೋಗೋದು ಅದೇ. ಇನ್ನೊಂದು, ರಾಗಿ ಹುಲ್ಲಿನ ಲೋಡು ಗೇಟಿನಲ್ಲಿ ತಿರುಗುವಾಗ ಟ್ರೇಲರಿನ ಹಿಂದಿನ ಮೂಲೆ ಎಲ್ಲಿಗೆ ಬರುತ್ತೆ ನೋಡಿ. ನಾನು ಚಕ್ರದ ಗುರುತಿನಿಂದ ಮೂರಡಿ ಬಿಟ್ಟೆ.

ಗುಂಡಿಯನ್ನು ಅಗಲವಾಗಿ ತೆಗೆಯಬಾರದು. ಗುದ್ದಲಿಯಲ್ಲಿ ತೆಗೆದರೆ ಮೇಲೆ ಬಾಯಿ ಅಗಲ, ಕೆಳಗೆ ಕಿರಿದು ಆಗುತ್ತೆ. ಹಾರೆಯಲ್ಲಿ ಸಡಿಲಿಸಿ ಕೈಯಲ್ಲೋ ಡಬರಿಯಲ್ಲೋ ಮಣ್ಣು ಎತ್ತಬೇಕು. ಸುತ್ತಲಿನ ಅಲುಗದ ಮಣ್ಣಿನ ಗೋಡೆಯೇ ಕಂಬಕ್ಕೆ ಆಸರೆ. ನಾನು ಹದಿನೈದು ಇಂಚು ಚೌಕ, ಎರಡಡಿ ನಾಲ್ಕು ಇಂಚು ಆಳ ತೆಗೆದೆ. ನಮ್ಮಲ್ಲಿ ಮೇಲೆ ಕೆಂಪು ಮಣ್ಣು, ಒಂದೂವರೆ ಅಡಿ ಕೆಳಗೆ ಗರಸು. ಗರಸು ಸಿಕ್ಕರೆ ಒಳ್ಳೇದು. ತುಂಬಿಸಿದ ಮೆತ್ತು ಮಣ್ಣು ಇದ್ದರೆ ಜಾಗ ಬದಲಿಸಿ, ಇಲ್ಲಾ ಇನ್ನೂ ಆಳಕ್ಕೆ ಹೋಗಿ.

ಗುಂಡಿ ತೆಗೆಯುವಾಗ ನಮ್ಮೂರಿನವರು ಮಣ್ಣನ್ನು ಒಂದು ಸಲ ಕಣ್ಣಾಡಿಸಿ ನೋಡುತ್ತೇವೆ. 2001 ಮತ್ತು 2004ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದವರು ಇಲ್ಲಿ ಅಗೆದಾಗ ಬೌದ್ಧರ ಚೈತ್ಯ, ವಿಹಾರ, ಅಂಗೈಯಲ್ಲಿ ಹಿಡಿಯುವಂಥ ಮಣ್ಣಿನ ಪುಟ್ಟ ಸ್ತೂಪಗಳು ಸಿಕ್ಕವು. ನನ್ನ ಗುಂಡಿಯಲ್ಲಿ ಸಿಕ್ಕಿದ್ದು ಒಂದು ಹಳೇ ಲಾಳ ಮಾತ್ರ.

ತಳಕ್ಕೆ ನಾಲ್ಕು ಇಂಚು ಜಲ್ಲಿ ಹಾಕಿ ಕುಟ್ಟಿದೆ. ನೀರು ಬಸಿಯಲಿ, ಭಾರವೂ ಹರಡಲಿ ಅಂತ. ಆಮೇಲೆ ಕೂಚದ ದಪ್ಪ ತುದಿ ಕೆಳಗೆ ಬರುವ ಹಾಗೆ ಇಳಿಸಿದೆವು. ನೆಟ್ಟಗೆ ನಿಲ್ಲಿಸುವುದು ಕಣ್ಣಳತೆಯಲ್ಲಿ ಆಗುವ ಕೆಲಸ ಅಲ್ಲ. ದಾರಕ್ಕೆ ಒಂದು ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದರೆ ಸಾಕು, ಗಾರೆಯವರ ತೂಕದ ಗುಂಡು ಇದ್ದರೆ ಇನ್ನೂ ಸರಿ. ಒಂದು ಮುಖಕ್ಕೆ ನೋಡಿದರೆ ಸಾಲದು, ಪಕ್ಕದ ಮುಖಕ್ಕೂ ನೋಡಬೇಕು. ಎರಡು ಕಡೆ ಗಳು ಆನಿಸಿ ಅಲುಗದ ಹಾಗೆ ಮಾಡಿ.

ಈಗ ಮುಖ್ಯವಾದ ಕೆಲಸ. ತೆಗೆದ ಮಣ್ಣನ್ನೆಲ್ಲ ಒಂದೇ ಸಲ ತುಂಬಿ ಮೇಲೆ ಕುಣಿದರೆ ಮೇಲಿನ ಅರ್ಧ ಅಡಿ ಮಾತ್ರ ಗಟ್ಟಿಯಾಗುತ್ತೆ, ಕೆಳಗೆ ಪೊಳ್ಳು. ನಾನು ಮೊದಲ ಸಲ ಮಾಡಿದ್ದು ಅದೇ. ಒಂದು ಸಲಕ್ಕೆ ನಾಲ್ಕು ಇಂಚು ಮಣ್ಣು, ಅದರಲ್ಲಿ ಮುಷ್ಟಿ ಗಾತ್ರದ ನಾಲ್ಕಾರು ಕಲ್ಲು ಕಂಬಕ್ಕೂ ಗುಂಡಿ ಗೋಡೆಗೂ ನಡುವೆ ಬಿಗಿಯಾಗಿ ಕೂರಿಸಿ, ಹಾರೆಯ ದಪ್ಪ ತುದಿಯಲ್ಲಿ ಸುತ್ತಲೂ ದಿಮ್ಮಸು. ಹಾರೆ ಕುಟ್ಟಿದಾಗ ಮೊದಲು ಬುಸ್ ಅನ್ನುತ್ತೆ, ಗಟ್ಟಿಯಾದ ಮೇಲೆ ಟಣ್ ಅಂತ ಕೈಗೆ ವಾಪಸ್ಸು ಬರುತ್ತೆ. ಆಗ ಮುಂದಿನ ಪದರ. ಮಣ್ಣಿನ ಹದ ಹೇಗಿರಬೇಕು ಅಂದರೆ, ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ಆಗಬೇಕು, ಕೈಗೆ ಅಂಟಬಾರದು. ಪೂರಾ ಒಣಮಣ್ಣು ಕೂರೋಲ್ಲ, ಕೆಸರು ಆದರೆ ಆಮೇಲೆ ಒಣಗಿ ಬಿರಿಯುತ್ತೆ. ಎರಡಡಿಗೆ ಆರು ಪದರ. ಎರಡು ಪದರಕ್ಕೊಮ್ಮೆ ದಾರ ಬಿಟ್ಟು ನೋಡಿ. ನಮಗೆ ಎರಡು ಗಂಟೆ ಹಿಡಿಯಿತು.

ಗರಸು ನೆಲದಲ್ಲಿ ಇಷ್ಟೇ ಸಾಕು. ಹೊಸ ಮಣ್ಣು, ಮರಳು ಮಣ್ಣು ಇರುವವರು ಕಾಂಕ್ರೀಟ್ ಹಾಕಬೇಕಾಗುತ್ತೆ. ಒಂದು ಸಿಮೆಂಟಿಗೆ ಮೂರು ಮರಳು, ಆರು ಜಲ್ಲಿ. ನಾನು ಹೇಳಿದ ಅಳತೆಯ ಗುಂಡಿಗೆ ಮೂಟೆಯ ಮೂರರಲ್ಲಿ ಒಂದು ಭಾಗ ಸಿಮೆಂಟ್ ಸಾಕು. ಏಳು ದಿನ ಗೋಣಿತಾಟು ಹೊದಿಸಿ ನೀರು ಹಾಕಬೇಕು, ಅಲ್ಲಿವರೆಗೆ ಡಬ್ಬಿ ಹಾಕಬಾರದು. ಮಣ್ಣಾಗಲಿ, ಕಾಂಕ್ರೀಟಾಗಲಿ, ಬುಡದಲ್ಲಿ ಎರಡು ಇಂಚು ಏರಿಸಿ ಹೊರಕ್ಕೆ ಇಳಿಜಾರು ಕೊಡುವುದನ್ನು ಮರೆಯಬೇಡಿ.

ಡಬ್ಬಿ

ಕಲ್ಲಿಗೆ ತೂತು ಕೊರೆದು ಬೋಲ್ಟು ಹಾಕಲು ಹೋಗಬೇಡಿ. ಅಂಚಿಗೆ ಹತ್ತಿರವಾದರೆ ಚಕ್ಕೆ ಎದ್ದು ಬರುತ್ತೆ. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಇಂಚು ಅಗಲದ ಕಬ್ಬಿಣದ ಪಟ್ಟಿ ತೆಗೆದುಕೊಂಡು ಕೂಚದ ಸುತ್ತ ಅಪ್ಪಿ ಹಿಡಿಯುವ ಹಾಗೆ ಬಗ್ಗಿಸಿ ಎರಡು ಕ್ಲಾಂಪ್ ಮಾಡಿಸಿದೆ. ಕಲ್ಲು ಎಲ್ಲಾ ಕಡೆ ಒಂದೇ ಸಮ ಇರೋಲ್ಲ, ಪಟ್ಟಿ ಬಿಗಿದರೂ ಜಾರುತ್ತಿತ್ತು. ಹಳೇ ಸೈಕಲ್ ಟ್ಯೂಬು ಕತ್ತರಿಸಿ ಕಲ್ಲಿಗೆ ಸುತ್ತಿ ಅದರ ಮೇಲೆ ಪಟ್ಟಿ ಬಿಗಿದೆ. ಆಮೇಲೆ ಅಲುಗಿಲ್ಲ.

ಡಬ್ಬಿಯ ಬಾಯಿ ಅಗಲ ಎಷ್ಟಿರಬೇಕು ಅಂದರೆ ಈ ಪತ್ರಿಕೆ ಮಡಚದೆ ಹೋಗಬೇಕು. ನಾನು ಹತ್ತು ಇಂಚು ಉದ್ದ, ಒಂದೂವರೆ ಇಂಚು ಎತ್ತರ ಇಡಿಸಿದೆ. ಮೇಲಿನ ತಗಡು ಇಳಿಜಾರಾಗಿ ಎರಡು ಇಂಚು ಮುಂದಕ್ಕೆ ಚಾಚಿರಬೇಕು. ತಳಕ್ಕೆ ನಾಲ್ಕು ಸಣ್ಣ ತೂತು, ಅದರ ಮೇಲೆ ಕಾಗದ ಕೂರಲು ಜಾಲರಿ ತುಂಡು. ಮಳೆ ಯಾವ ಕಡೆಯಿಂದ ಹೊಡೆಯುತ್ತೆ ಅನ್ನೋದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ, ನಿಮ್ಮ ಮನೆಯ ಯಾವ ಗೋಡೆ ಹೆಚ್ಚು ಪಾಚಿ ಕಟ್ಟಿದೆ ನೋಡಿ. ಡಬ್ಬಿಯ ಬಾಯಿ ಅದರ ಎದುರು ದಿಕ್ಕಿಗೆ. ಹಿಂದಿನ ಬಾಗಿಲಿಗೆ ಬೀಗ ಬೇಕು, ಗಾಳಿಗೆ ತೆರೆಯದ ಹಾಗೆ. ನನಗಾದದ್ದು ಅದರಿಂದಲೇ ಅಲ್ಲವೇ. ಬೇಸಿಗೆಯಲ್ಲಿ ಕಣಜ ಒಳಗೆ ಮಣ್ಣಿನ ಗೂಡು ಕಟ್ಟುತ್ತೆ, ತಿಂಗಳಿಗೊಮ್ಮೆ ಕಡ್ಡಿಯಲ್ಲಿ ಕೆರೆದು ತೆಗೆಯುತ್ತೇನೆ.

ಬಣ್ಣದ ವಿಚಾರದಲ್ಲಿ ಒಂದು ತಮಾಷೆ ಆಯಿತು. ಅಂಚೆ ಅಂದಮೇಲೆ ಕೆಂಪು ಅಂತ ಕೆಂಪು ಬಳಿಸಿದ್ದೆ. ಒಂದು ದಿನ ತೆಗೆದು ನೋಡಿದರೆ ಯಾರೋ ಸ್ಟಾಂಪು ಹಚ್ಚಿದ ಕಾಗದ ಹಾಕಿ ಹೋಗಿದ್ದಾರೆ, ಸರ್ಕಾರಿ ಡಬ್ಬಿ ಅಂದುಕೊಂಡು. ಅದನ್ನು ನಾನೇ ಅಂಚೆಗೆ ಹಾಕಿ ಬಂದೆ. ಆ ವಾರವೇ ಹಸಿರು ಬಳಿಸಿದೆ. ಮೇಲೆ ಹೆಸರು, ಊರು, ಪಿನ್ ಕೋಡು ಬರೆಸಿದ್ದೇನೆ. ಪಿನ್ ಕೋಡು 1972ರಲ್ಲಿ ಬಂದದ್ದು, ನಾವು ಹಳ್ಳಿಯವರು ಇವತ್ತಿಗೂ ಅದನ್ನು ಬರೆಯೋದು ಮರೆಯುತ್ತೇವೆ. ಕೆಳಗೆ ಮೊಬೈಲ್ ನಂಬರೂ ಇದೆ. ಯಾಕೆಂದರೆ ಸಹಿ ಮಾಡಿ ತೆಗೆದುಕೊಳ್ಳಬೇಕಾದದ್ದನ್ನು ಡಬ್ಬಿಗೆ ಹಾಕುವ ಹಾಗಿಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೇ ಸೇರಿಸಿದ್ದಾರೆ, ಅದನ್ನು ಕೈಗೇ ಕೊಡಬೇಕು. ಅಂಥದ್ದು ಬಂದರೆ ಅಂಚೆಯಣ್ಣ ಗೇಟಿನಿಂದ ಫೋನ್ ಮಾಡುತ್ತಾರೆ, ಯಾರಾದರೂ ಹೊಲದಿಂದ ಓಡುತ್ತೇವೆ.

ಒಟ್ಟು ಖರ್ಚು: ಕಲ್ಲು 150, ಸಾಗಿಸಲು 100, ಕ್ಲಾಂಪ್ ಮತ್ತು ಬೋಲ್ಟು 180, ಹೊಸ ಡಬ್ಬಿ 450, ಬಣ್ಣ 60. ಗುಂಡಿ ಕೆಲಸ ನಾನೂ ಭಾವಮೈದನೂ ಸೇರಿ ಮಾಡಿದೆವು, ಅದಕ್ಕೆ ಕೂಲಿ ಹಾಕಿಲ್ಲ. ಈಗ ರೇಟು ಜಾಸ್ತಿ ಆಗಿರುತ್ತೆ, ನಿಮ್ಮ ಕಡೆ ವಿಚಾರಿಸಿಕೊಳ್ಳಿ. ಹಸು ಈಗಲೂ ಬಂದು ಉಜ್ಜುತ್ತೆ. ಕಲ್ಲಿನ ಒಂದು ಮೂಲೆ ನುಣ್ಣಗಾಗಿದೆ, ಅಷ್ಟೇ.

ಹೋದ ತಿಂಗಳು ಪಕ್ಕದ ಹೊಲದವರು ಬಂದು ಅಳತೆ ತೆಗೆದುಕೊಂಡು ಹೋದರು. ಅವರಿಗೆ ಸಿಕ್ಕಿರುವುದು ಏಳಡಿ ಕೂಚ. ಕತ್ತರಿಸಿದರೆ ಬಿರುಕು ಬಂದೀತು, ಹಾಗೇ ಇರಲಿ, ಮೂರಡಿ ಹೂತುಬಿಡಿ ಅಂತ ಹೇಳಿದ್ದೇನೆ.